ಬಾಯ್ಲರಮ್ಮನ ಮನೆಗೆ ಬುದ್ಧ ಬಂದದ್ದು

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿ ಆನೆ ಗಾತ್ರದ ಯಂತ್ರಗಳು ಗಡಗಡ ತಿರುಗುತ್ತಿದ್ದವು. ಇಸ್ತ್ರಿಯ ರೋಲರು ಬುಸುಗುಟ್ಟುತ್ತಿತ್ತು. ಒದ್ದೆ ಹಾಸುಬಟ್ಟೆ ಹೇರಿಕೊಂಡ ತಳ್ಳುಗಾಡಿಗಳು ಸಿಮೆಂಟು ನೆಲದ ಮೇಲೆ ಕಿವಿ ಕಿತ್ತುಹೋಗುವಂತೆ ಕಿರುಗುಟ್ಟುತ್ತಿದ್ದವು. ಆ ಗದ್ದಲದಲ್ಲಿ ವರ್ಷಾನುಗಟ್ಟಲೆ ಕೂಗಿ ಕೂಗಿ ಅವಳ ಗಂಟಲು ಹಾಗೇ ಆಗಿಹೋಗಿತ್ತು. ಮನೆಯಲ್ಲಿ ಊಟಕ್ಕೆ ಕೂತು "ಸ್ವಲ್ಪ ಉಪ್ಪು ಕೊಡಿ" ಅಂದರೂ ಪಕ್ಕದ ಮನೆಯವರು ಇವತ್ತು ಮತ್ತೆ ಜಗಳ ಶುರುವಾಯಿತು ಅಂದುಕೊಳ್ಳುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಒಂದು ದಿನ ಅವಳ ಕೂಗು ಕೇಳಿ ಬಾಯ್ಲರೇ ಒಡೆಯಿತೆಂದು ಹೊರಗೆ ಓಡಿಹೋಗಿದ್ದಳಂತೆ. ಅಂದಿನಿಂದ ಅವಳಿಗೆ ಬಾಯ್ಲರಮ್ಮ ಅನ್ನುವ ಹೆಸರು ಅಂಟಿಕೊಂಡಿತು. ಆ ಹೆಸರಿಗೆ ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಹೆದರಿದರೆ ಹೆದರಲಿ, ಕೆಲಸವಾದರೂ ನೆಟ್ಟಗೆ ಆಗುತ್ತದೆ ಅಂದುಕೊಂಡಳು.

ಬರೀ ಗಂಟಲಿನ ಮಾತಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಿಟ್ಟೂ ಇತ್ತು. ಅದು ಹುಟ್ಟಿದ್ದಕ್ಕೆ ಕಾರಣವೂ ಇತ್ತು. ಒಮ್ಮೆ ವಾರ್ಡಿನಿಂದ ಇಳಿದುಬಂದ ಬಟ್ಟೆಯ ಗಂಟು ಬಿಚ್ಚುವಾಗ, ಯಾರೋ ಮೈಮರೆತು ಹಾಸಿಗೆಯಲ್ಲೇ ಬಿಟ್ಟಿದ್ದ ಇಂಜೆಕ್ಷನ್ ಸೂಜಿ ಅವಳ ಅಂಗೈಗೆ ಚುಚ್ಚಿಕೊಂಡಿತು. ಯಾವ ರೋಗಿಯ ಸೂಜಿಯೋ, ಯಾವ ಕಾಯಿಲೆಯೋ! ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಿಕೊಂಡು, ಗಂಡನ ತಟ್ಟೆ ಲೋಟ ಮುಟ್ಟಲೂ ಹಿಂಜರಿಯುತ್ತಾ ತಿಂಗಳುಗಟ್ಟಲೆ ಕಳೆದಳು. ಕೊನೆಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದರು. ಭಯ ಎದ್ದುಹೋಯಿತು. ಅದು ಖಾಲಿ ಮಾಡಿದ ಜಾಗದಲ್ಲಿ ಸಿಟ್ಟು ಬಂದು ಕೂತಿತು. ಆಮೇಲೆ ಗಂಟಿನಲ್ಲಿ ಸೂಜಿ ಸಿಕ್ಕಾಗಲೆಲ್ಲ ಅದನ್ನು ಸ್ಟೀಲ್ ಬಟ್ಟಲಲ್ಲಿ ಹಾಕಿಕೊಂಡು, ಟಣಟಣ ಅಲ್ಲಾಡಿಸುತ್ತಾ ಮೆಟ್ಟಿಲು ಹತ್ತಿ ವಾರ್ಡಿಗೇ ನುಗ್ಗುತ್ತಿದ್ದಳು. "ಇದು ಯಾರ ಕೈಕೆಲಸ? ಮುಂದೆ ಬನ್ನಿ!" ಆ ಬಟ್ಟಲಿನ ಸದ್ದು ಕೇಳಿದರೆ ಎಳೆಯ ನರ್ಸುಗಳು ಔಷಧಿ ಕೋಣೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವಳ ಅಕ್ಕ ಇದಕ್ಕೆ ತದ್ವಿರುದ್ಧ. ಹೊಲಿಗೆ ಕೆಲಸ ಮಾಡುತ್ತಿದ್ದವಳು. ಆಡುವ ಮಾತನ್ನೂ ಹೊಲಿಗೆ ಹಾಕಿದ ಹಾಗೆ ಅಳತೆಯಲ್ಲಿ ಆಡುತ್ತಿದ್ದಳು. ತಾಯಿ ಬೇಗ ತೀರಿಹೋದಾಗ ಶಾಲೆ ಬಿಟ್ಟು ತಂಗಿಯನ್ನು ಸಾಕಿದವಳು ಅವಳೇ. ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕ ಕೂತದ್ದು, ಮದುವೆಯ ದಿನ ಸೆರಗು ಸರಿಮಾಡಿದ್ದು, ಎಲ್ಲಾ ಅವಳೇ. ಗಂಡ ಸತ್ತ ಮೇಲೆ ಅಕ್ಕ ತನ್ನ ಪಾಡಿಗೆ ತಾನು ಬೌದ್ಧಳಾದಳು. ಸೈಕಲ್ ಅಂಗಡಿಯ ಮಹಡಿಯಲ್ಲೊಂದು ಪುಟ್ಟ ವಿಹಾರವಿತ್ತು. ಅಲ್ಲಿದ್ದ ವಯಸ್ಸಾದ ಭಿಕ್ಷುಣಿಯೊಬ್ಬರು ಅವಳಿಗೆ ಮರದ ಬುದ್ಧನೊಂದನ್ನು ಕೊಟ್ಟಿದ್ದರು. ಮೊಳದಷ್ಟೂ ಎತ್ತರವಿಲ್ಲದ ಮೂರ್ತಿ. ದೀಪದ ಹೊಗೆ ಕುಡಿದು ಕಪ್ಪಾಗಿತ್ತು. ಒಂದು ಕಿವಿಯ ತುದಿ ಮುರಿದಿತ್ತು. ಅಕ್ಕ ಅದನ್ನು ಬಟ್ಟೆಯ ಬೀರುವಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಒಂದು ಬಟ್ಟಲು ನೀರು, ಒಂದು ಹೂ, ಒಂದು ದೀಪ. ಅಷ್ಟೇ.

"ಅಲ್ಲಿ ಕೂತು ಏನು ಕೇಳ್ಕೋತೀಯೆ?" ಎಂದು ಬಾಯ್ಲರಮ್ಮ ಒಮ್ಮೆ ಕೇಳಿದ್ದಳು.

"ಏನೂ ಇಲ್ಲ. ಸುಮ್ನೆ ಕೂತ್ಕೋತೀನಿ" ಅಂದಿದ್ದಳು ಅಕ್ಕ.

ಆ ಅಕ್ಕ ಒಂದು ಮಧ್ಯಾಹ್ನ ಹೊಲಿಯುತ್ತಾ ಕೂತವಳು ಕೂತ ಹಾಗೇ ಹೋಗಿಬಿಟ್ಟಳು. ಮಿಷನ್ನಿನ ಸೂಜಿಯ ಕೆಳಗೆ ಯಾರದೋ ರವಿಕೆಯ ಅರ್ಧ ಹೊಲಿದ ತೋಳು ಹಾಗೇ ಇತ್ತು. ಬಾಯ್ಲರಮ್ಮನಿಗೆ ಅಳು ಬರಲಿಲ್ಲ. ಬಂದವರ ಮೇಲೆ ರೇಗಾಡಿದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟವರ ಮೇಲೆ, ಫೋನಿನಲ್ಲಿ ಮಾತಾಡಿದವರ ಮೇಲೆ, "ಪುಣ್ಯಾತ್ಗಿತ್ತಿ, ನೋವಿಲ್ಲದೆ ಹೋದ್ಳು" ಅಂದವರ ಮೇಲೆ. "ನಿಮಗೆ ಹೇಗೆ ಗೊತ್ತು ನೋವಿಲ್ಲ ಅಂತ? ಅವಳು ಬಂದು ಹೇಳಿದ್ಳಾ?" ಅಂದಾಗ ಆ ಹೆಂಗಸು ಕೈಯಲ್ಲಿದ್ದ ಟೀಯನ್ನು ಅಲ್ಲೇ ಇಟ್ಟು ಎದ್ದುಹೋದಳು.

ಅಕ್ಕನಿಗಿದ್ದವನು ಒಬ್ಬನೇ ಮಗ. ಬಚ್ಚಲುಮನೆಯ ಸಾಮಾನು ಮಾರುವ ದೊಡ್ಡ ಶೋರೂಮಿನಲ್ಲಿ ಕೆಲಸ. ನಲ್ಲಿ, ಷವರು, ತೊಟ್ಟಿ, ಕಮೋಡು ಇವುಗಳ ಬಗ್ಗೆ ಬೇರೆಯವರು ಮಕ್ಕಳ ಬಗ್ಗೆ ಮಾತಾಡುವಷ್ಟು ಅಕ್ಕರೆಯಿಂದ ಮಾತಾಡುತ್ತಿದ್ದ. ತಾಯಿಯ ಬಾಡಿಗೆ ಮನೆ ಖಾಲಿ ಮಾಡುವ ಕೆಲಸ ಅವನ ಪಾಲಿಗೆ ಬಂತು. ಬಾಯ್ಲರಮ್ಮನಿಗೆ ಆ ವಾರ ರಜೆ ಸಿಗಲಿಲ್ಲ. ರಜೆ ಸಿಕ್ಕಿ ಅವಳು ಅಲ್ಲಿಗೆ ಹೋಗುವ ಹೊತ್ತಿಗೆ ಬಾಗಿಲಿಗೆ ಬೇರೆಯವರ ಬೀಗ ಬಿದ್ದಿತ್ತು.

"ಬೀರುವಿನ ಮೇಲಿದ್ದದ್ದು ಎಲ್ಲಿ?" ಎಂದು ಫೋನಿನಲ್ಲಿ ಕೇಳಿದಳು.

"ಬುದ್ಧ ತಾನೆ? ಭದ್ರವಾಗಿದೆ ಬಿಡಿ ಚಿಕ್ಕಮ್ಮ. ಒಳ್ಳೆ ಜಾಗದಲ್ಲಿಟ್ಟಿದೀನಿ" ಅಂದ.

ಅವಳು ನಂಬಿದಳು.

ಕೆಲವು ವಾರ ಕಳೆದ ಮೇಲೆ ಮನೆಯ ನಲ್ಲಿ ಕೆಟ್ಟಿತು. ಅಕ್ಕನ ಮಗನ ಶೋರೂಮಿನಲ್ಲೇ ಹೊಸದೊಂದು ತಂದರಾಯಿತು ಎಂದು ಕೆಲಸ ಮುಗಿಸಿ ನೆಟ್ಟಗೆ ಅಲ್ಲಿಗೆ ಹೋದಳು. ಮೈಮೇಲೆ ಇನ್ನೂ ಕೆಲಸದ ನೀಲಿ ಅಂಗಿ, ತೋಳಿನ ತನಕ ಒದ್ದೆ. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಸಾಲಾಗಿ ಬಚ್ಚಲುಮನೆಗಳು. ಒಂದಕ್ಕಿಂತ ಒಂದು ಚೆಂದ, ಒಂದರಲ್ಲೂ ಸ್ನಾನ ಮಾಡುವವರಿಲ್ಲ. ನಲ್ಲಿ ಎಲ್ಲಿದೆ ಎಂದು ಹುಡುಕುತ್ತಾ ಹೋದವಳು ಮೂರನೆಯದರ ಮುಂದೆ ನಿಂತುಬಿಟ್ಟಳು.

ಬಿಳಿ ತೊಟ್ಟಿ. ಅದರ ಅಂಚಿಗೆ ಪ್ಲಾಸ್ಟಿಕ್ಕಿನ ಹಸಿರು ಗಿಡ, ಸುರುಳಿ ಸುತ್ತಿದ ಟವೆಲುಗಳು. ಟವೆಲುಗಳ ಮಧ್ಯೆ, ಕಮೋಡಿಗೆ ಒಂದು ಮಾರು ದೂರದಲ್ಲಿ, ಅಕ್ಕನ ಬುದ್ಧ. ಕಿವಿಯ ತುದಿ ಮುರಿದ ಅದೇ ಬುದ್ಧ. ಯಾರೋ ಅವನ ಮಡಿಲಲ್ಲಿ ಗುಲಾಬಿ ಬಣ್ಣದ ಸೋಪೊಂದನ್ನು ಇಟ್ಟಿದ್ದರು.

ಬಾಯ್ಲರಮ್ಮನ ಕಿವಿ ಗುಂಯ್ ಅಂದಿತು. ನಖಶಿಖಾಂತ ಉರಿ ಹತ್ತಿತು. ಅಲ್ಲೇ ಗಿರಾಕಿಗಳಿಗೆ ಏನೋ ವಿವರಿಸುತ್ತಿದ್ದ ಅಕ್ಕನ ಮಗ ಚಿಕ್ಕಮ್ಮನನ್ನು ನೋಡಿ ನಗುಮುಖ ಮಾಡಿಕೊಂಡು ಬಂದ.

"ಬನ್ನಿ ಚಿಕ್ಕಮ್ಮ! ಹೇಳಿ ಬರಬಾರದಾ..."

"ಏನೋ ಇದು?"

ಅವಳು ಕೈ ತೋರಿದ ಕಡೆ ನೋಡಿದ. ಇನ್ನೂ ಅವನಿಗೆ ಹೊಳೆಯಲಿಲ್ಲ. "ಅದಾ? ಚೆನ್ನಾಗಿ ಒಪ್ಪುತ್ತೆ ಅಲ್ವಾ? ಗಿರಾಕಿಗಳಿಗೆ ಒಂಥರಾ ಶಾಂತಿ ಅನ್ನಿಸುತ್ತೆ. ಈ ಸೆಟ್ ಬಗ್ಗೆ ಎಷ್ಟು ಜನ ವಿಚಾರಿಸ್ತಾರೆ ಗೊತ್ತಾ?"

"ಶಾಂತಿ?" ಅಂದಳು ಬಾಯ್ಲರಮ್ಮ. ಆ ಒಂದು ಮಾತಿಗೆ ಶೋರೂಮಿನ ಗಾಜುಗಳೆಲ್ಲ ಅದುರಿದವು ಎಂದು ಆಮೇಲೆ ಅಲ್ಲಿನವರು ಹೇಳುತ್ತಿದ್ದರು. "ಶಾಂತಿ ಅಂತೆ! ನಿಮ್ಮಮ್ಮ ದಿನಾ ಬೆಳಿಗ್ಗೆ ಮುಖ ತೊಳೆದು ಮೊದಲು ಇದರ ಮುಂದೆ ಕೂರ್ತಿದ್ಳೋ. ಅವಳ ಬೆರಳಿನ ಗುರುತು ಇನ್ನೂ ಇದರ ಮೇಲಿದೆ. ಅದನ್ನ ತಂದು ಕಕ್ಕಸಿನ ಪಕ್ಕ ಸೋಪಿನ ಡಬ್ಬಿ ಮಾಡಿದ್ದೀಯಲ್ಲೋ! ನಿನ್ನ ಬಾಯಿಗೆ ಅನ್ನ ಇಟ್ಟ ಕೈಯಲ್ವೇನೋ ಅದು?"

"ಚಿಕ್ಕಮ್ಮ, ಮೆಲ್ಲಗೆ. ಜನ ನೋಡ್ತಿದ್ದಾರೆ."

"ನೋಡಲಿ! ನೋಡೋಕೆ ತಾನೆ ಇಟ್ಟಿರೋದು?"

ಅವಳು ಚಪ್ಪಲಿ ಕಾಲಲ್ಲೇ ಆ ಹೊಳೆಯುವ ಬಚ್ಚಲುಮನೆಗೆ ಹತ್ತಿದಳು. ಸೋಪನ್ನು ಕಿತ್ತೆಸೆದಳು. ಮೂರ್ತಿಯ ಮಡಿಲಲ್ಲಿ ಸೋಪಿನ ಬಿಳಿ ಕಲೆ ಕೂತಿತ್ತು. ತೊಳೆಯೋಣವೆಂದು ನಲ್ಲಿ ತಿರುಗಿಸಿದಳು. ನೀರು ಬರಲಿಲ್ಲ. ಪಕ್ಕದ್ದನ್ನು ತಿರುಗಿಸಿದಳು. ಅದರಲ್ಲೂ ಇಲ್ಲ. ಷವರಿನ ಹಿಡಿ ಎಳೆದಳು. ಒಂದು ಹನಿಯೂ ಬೀಳಲಿಲ್ಲ.

"ಅದು ಬರೀ ತೋರಿಕೆಗೆ, ಅಮ್ಮ. ಕನೆಕ್ಷನ್ ಕೊಟ್ಟಿಲ್ಲ" ಎಂದ ಅಂಗಡಿಯ ಕಾವಲಿನವನು, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ.

"ಗೊತ್ತಾಯ್ತು ಬಿಡಪ್ಪ, ಇಲ್ಲಿ ಎಲ್ಲಾ ತೋರಿಕೆಗೇ" ಅಂದಳು ಬಾಯ್ಲರಮ್ಮ. ಅಲ್ಲಿದ್ದ ಟವೆಲೊಂದನ್ನು ಎಳೆದು ಅದರಲ್ಲಿ ಬುದ್ಧನನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಅಕ್ಕನ ಮಗ ದಾರಿಗೆ ಅಡ್ಡ ಬಂದ. ಮುಖ ಕೆಂಪಾಗಿತ್ತು, ನಾಚಿಕೆಗೋ ಕೋಪಕ್ಕೋ. "ಅದು ನಮ್ಮಮ್ಮಂದು. ಅಂದ್ರೆ ನಂದು. ನೀವು ಹೀಗೆ ಎತ್ಕೊಂಡು ಹೋಗೋ ಹಾಗಿಲ್ಲ."

"ನಿಮ್ಮಮ್ಮಂದು ಅಂತ ನಿನಗೆ ಇವತ್ತು ನೆನಪಾಯ್ತಾ? ಸರಿ ಪಕ್ಕಕ್ಕೆ."

ಅವನು ಸರಿದ. ಅವಳು ಬಸ್ಸು ಹತ್ತಿ ಮೂರ್ತಿಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದಳು. ನಲ್ಲಿ ತರುವುದು ಮರೆತೇಹೋಗಿತ್ತು.

ಮೂರ್ತಿ ಮನೆಗೇನೋ ಬಂತು. ಇಡುವುದೆಲ್ಲಿ? ಎರಡು ಕೋಣೆ, ಒಂದು ಅಡುಗೆಮನೆ, ಅಷ್ಟೇ ಮನೆ. ಅವಳ ಗಂಡ ಒಂದು ಎತ್ತರದ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಮಂದಿಯನ್ನು ಹತ್ತಿಸಿ ಇಳಿಸಿ ಮನೆಗೆ ಬಂದರೆ ಅವನಿಗೆ ಮಾತು ಬೇಡ. ಹಳೆಯ ರೇಡಿಯೋಗಳನ್ನು ಬಿಚ್ಚಿ ಕಟ್ಟುವುದು ಅವನ ಹುಚ್ಚು. ಮುಂದಿನ ಕೋಣೆಯಲ್ಲಿ ಬಾಗಿಲಿಗೆ ಎದುರಾದ ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ರೇಡಿಯೋಗಳು. ಅರ್ಧಕ್ಕರ್ಧ ಮೂಕ.

ಬಾಯ್ಲರಮ್ಮ ಮೂರ್ತಿಯನ್ನು ಹಿಡಿದು ಮನೆಯೆಲ್ಲ ಸುತ್ತಿದಳು. ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆ. ಮಲಗುವ ಕೋಣೆಯಲ್ಲಿ ಎಲ್ಲಿಟ್ಟರೂ ಕಾಲು ಅತ್ತ ಕಡೆಗೇ ಬರುತ್ತಿತ್ತು. ಕಪಾಟಿನ ಮೇಲೆ ಹರಿದ ಸೂಟ್‌ಕೇಸುಗಳು.

"ಫ್ರಿಜ್ ಮೇಲಿಡು" ಅಂದ ಗಂಡ, ರೇಡಿಯೋದಿಂದ ತಲೆಯೆತ್ತದೆ.

"ಫ್ರಿಜ್ ಮೇಲಾ? ಅವನೊಬ್ಬ ಬಚ್ಚಲಲ್ಲಿಟ್ಟ, ನೀವು ಫ್ರಿಜ್ ಮೇಲಿಡಿ! ಇನ್ನೊಬ್ಬ ಬರಲಿ, ಕಸದ ಬುಟ್ಟಿ ಮೇಲಿಡ್ತಾನೆ!"

"ಇಷ್ಟುದ್ದದ ಗೊಂಬೆಗೆ ಎಷ್ಟು ರಂಪ ಮಾರಾಯ್ತಿ" ಎಂದು ಅವನು ಗೊಣಗಿದ.

ಅವಳು ಆ ದಿನ ಅವನೊಂದಿಗೆ ಮತ್ತೆ ಮಾತಾಡಲಿಲ್ಲ. ಅದು ಅವನಿಗೆ ಶಿಕ್ಷೆ ಅನ್ನಿಸಿತೋ ಇಲ್ಲವೋ ಹೇಳುವುದು ಕಷ್ಟ.

ವಾರದ ರಜೆಯ ದಿನ ಅವಳು ವಿಹಾರಕ್ಕೆ ಹೋದಳು. ಮೆಟ್ಟಿಲ ಬುಡದಲ್ಲೇ ಯಾರೋ ಜೋರಾಗಿ ಬೈಯುವುದು ಕೇಳಿಸಿತು. ನೋಡಿದರೆ ಭಿಕ್ಷುಣಿ! ಬೋಳುತಲೆಯ ಸಣಕಲು ಮುದುಕಿ, ಕೈಯಲ್ಲಿ ಪೊರಕೆ ಹಿಡಿದು ಸೈಕಲ್ ಅಂಗಡಿಯವನಿಗೆ, "ಮೆಟ್ಟಿಲ ಮೇಲೆ ಟಯರು ಒಟ್ಟಬೇಡ ಅಂತ ಎಷ್ಟು ಸಲ ಹೇಳಬೇಕಪ್ಪ ನಿನಗೆ? ನನ್ನ ಮಂಡಿ ಮುರಿದ್ರೆ ನೀನು ಹೊತ್ಕೊಂಡು ಹೋಗ್ತೀಯಾ?" ಎನ್ನುತ್ತಿದ್ದರು. ಬಾಯ್ಲರಮ್ಮನಿಗೆ ಆ ಕ್ಷಣವೇ ಆಕೆ ಹಿಡಿಸಿಬಿಟ್ಟರು.

ಮೇಲೆ ಹೋಗಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ಶೋರೂಮು, ಸೋಪು, ಫ್ರಿಜ್ಜು. ಕೊನೆಗೆ ಕೇಳಿದಳು: "ಅಮ್ಮಾವ್ರೇ, ನನ್ನಂಥ ಸಿಡುಕಿ ಅದನ್ನ ಮನೇಲಿ ಇಟ್ಕೋಬಹುದಾ? ಅದು ಅಕ್ಕನಂಥ ತಣ್ಣನೆ ಮನುಷ್ಯರಿಗೆ ತಾನೆ?"

ಭಿಕ್ಷುಣಿ ಅವಳ ಮುಖವನ್ನೇ ನೋಡಿದರು. "ತಣ್ಣನೆ ಮನುಷ್ಯಳಾ? ಯಾರು, ನಿಮ್ಮಕ್ಕನಾ?"

"ಹೂಂ. ಒಂದು ದಿನ ಗಟ್ಟಿ ಮಾತಾಡಿದವಳಲ್ಲ."

"ಅವಳು ಇಲ್ಲಿಗೆ ಬಂದಿದ್ದೇ ಸಿಟ್ಟು ತಡೆಯೋಕಾಗದೆ ಕಣಮ್ಮ. ಮೊದಮೊದಲು ಆ ಕಂಬದ ಹತ್ತಿರ ಕೂರ್ತಿದ್ಳು. ಹಲ್ಲು ಕಡಿಯೋ ಸದ್ದು ನನಗೆ ಇಲ್ಲೀತನಕ ಕೇಳಿಸ್ತಿತ್ತು. ಇಷ್ಟು ವರ್ಷದಲ್ಲಿ ಅಷ್ಟು ಸಿಟ್ಟಿನ ಹೆಂಗಸನ್ನ ನಾನು ಕಂಡಿಲ್ಲ."

"ಯಾರ ಮೇಲೆ?"

"ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ."

ಆಮೇಲೆ ಭಿಕ್ಷುಣಿ ಇಡುವ ರೀತಿ ಹೇಳಿಕೊಟ್ಟರು. ಮನೆಯಲ್ಲಿ ಯಾರಿಗೂ ಬೇಡವಾದ ಮೂಲೆ ಬೇಡ. ಕೂತರೆ ಕಣ್ಣಿಗಿಂತ ಸ್ವಲ್ಪ ಮೇಲಿರಬೇಕು. ಒಗೆದ ಬಟ್ಟೆ ಹಾಸಬೇಕು. ನೀರು ದಿನಾ ಹೊಸದು. ಹಳೆಯ ನೀರನ್ನು ಮೋರಿಗೆ ಚೆಲ್ಲದೆ ಗಿಡಕ್ಕೆ ಹಾಕಬೇಕು. ಬಾಡಿದ ಹೂವನ್ನು ಬಿಡಬಾರದು. "ಸಿಟ್ಟು ಬಂದಿರೋ ದಿನವೂ ಕೂತ್ಕೋ. ಆ ದಿನ ತಪ್ಪಿಸಲೇಬೇಡ" ಎಂದು ಹೇಳಿ, ಮಂಡಿ ಹಿಡಿದುಕೊಂಡು ಎದ್ದರು.

ಅವಳಿಗೆ ಅದ್ಯಾವುದೂ ಸರಿಯಾಗಿ ತಲೆಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು ಕೊರೆಯುತ್ತಿತ್ತು. ಅಕ್ಕನಿಗೆ ಸಿಟ್ಟಿತ್ತು. ಅಕ್ಕ ಹೇಳಲಿಲ್ಲ. ನಾನು ವಾರ ವಾರ ಅವಳ ಮನೆಗೆ ಹೋಗಿ, ಸೂಜಿಯ ಕತೆ, ಮೇಲ್ವಿಚಾರಕನ ಕತೆ, ಗಂಡನ ಕತೆ ಎಲ್ಲಾ ಒದರಿ ಹಗುರಾಗಿ ಬರುತ್ತಿದ್ದೆ. ಅವಳು ಹೂಂ ಹೂಂ ಅನ್ನುತ್ತಾ ಗುಂಡಿ ಹೊಲಿಯುತ್ತಿದ್ದಳು. ಶಾಲೆ ಬಿಟ್ಟು ಸಾಕಿದ್ದು ನನ್ನನ್ನೇ ಅಲ್ಲವೇ? ಹಾಗಾದರೆ ಹಲ್ಲು ಕಡಿದದ್ದು ಇನ್ಯಾರ ಮೇಲೆ? ಯೋಚಿಸಿದಷ್ಟೂ ಸತ್ತ ಅಕ್ಕನ ಮೇಲೇ ಅವಳಿಗೆ ಕೆಂಡದಂಥ ಕೋಪ ಬಂತು. ಬೈಯಬಾರದಿತ್ತೇ? ಒಂದು ಸಲ, ಒಂದೇ ಒಂದು ಸಲ ಮುಖಕ್ಕೆ ಹೊಡೆದ ಹಾಗೆ ಬೈದಿದ್ದರೆ ಏನಾಗುತ್ತಿತ್ತು?

ಆ ಉರಿಯಲ್ಲೇ ಮನೆಗೆ ಬಂದಳು. ಗಂಡ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಯಾರಿಗೂ ಬೇಡವಾದ ಮೂಲೆ ಬೇಡ ಅಂದಿದ್ದರಲ್ಲ. ನೆಟ್ಟಗೆ ಹೋಗಿ ಬಾಗಿಲೆದುರಿನ ಗೋಡೆಯ ರೇಡಿಯೋಗಳನ್ನು ಒಂದೊಂದಾಗಿ ಇಳಿಸಿ, ಆಸ್ಪತ್ರೆಯ ಗಂಟು ಕಟ್ಟಿದ ಹಾಗೆ ಎರಡು ಹಾಸುಬಟ್ಟೆಯಲ್ಲಿ ಕಟ್ಟಿ, ಮಂಚದ ಕೆಳಗೆ ತಳ್ಳಿದಳು. ಹಲಗೆ ಒರೆಸಿದಳು. ಬುದ್ಧನ ಮಡಿಲಿನ ಸೋಪಿನ ಕಲೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿದಳು. ಪೂರ್ತಿ ಹೋಗಲಿಲ್ಲ. ಇಟ್ಟಳು. ಬಟ್ಟಲಲ್ಲಿ ನೀರು ತುಂಬಿದಳು.

ಸಂಜೆ ಗಂಡ ಬಂದ. ಬಾಗಿಲಲ್ಲೇ ನಿಂತ. ಗೋಡೆ ನೋಡಿದ. ಒಳಗೆ ಹೋಗಿ ಮಂಚದ ಕೆಳಗಿನ ಗಂಟುಗಳನ್ನು ನೋಡಿದ. ಬಗ್ಗಿ ಬಿಚ್ಚಿದ. ಒಂದು ಹಳೆಯ ರೇಡಿಯೋದ ಗಾಜು ಸೀಳು ಬಿಟ್ಟಿತ್ತು.

ಆಮೇಲೆ ಆದದ್ದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಮದುವೆಯಾದಾಗಿನಿಂದ ದನಿ ಎತ್ತದ ಮನುಷ್ಯ ಗುಡುಗಿದ.

"ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ? ದಿನಾ ಪೆಟ್ಟಿಗೆಯೊಳಗೆ ನಿಂತು ಮೇಲೆ ಕೆಳಗೆ ಮೇಲೆ ಕೆಳಗೆ ಅಂತ ಸಾಯ್ತೀನಿ. ಈ ಗೋಡೆ ಒಂದೇ ಕಣೇ ನನಗೆ ಅಂತ ಇದ್ದಿದ್ದು! ನಾನಿಲ್ಲದ ಹೊತ್ತು ನೋಡಿ ಗಂಟು ಕಟ್ಟಿ ಬಿಸಾಕಿದ್ದೀಯಲ್ಲ, ನಿನ್ನ ಅಕ್ಕನ ಮಗ ಮಾಡಿದ್ದೂ ಇದೇ ತಾನೆ?"

ಅವನು ಹೇಳಿದ್ದು ಸುಳ್ಳಾಗಿದ್ದರೆ ಅವಳು ಮನೆ ಸೂರು ಹಾರಿಸುತ್ತಿದ್ದಳು. ನಿಜವಾಗಿತ್ತು, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಡಬಡ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಕೈ ಒರೆಸಿಕೊಂಡು ಬಂದು, ಬುದ್ಧನನ್ನು ಎತ್ತಿ ಸ್ಟೂಲಿನ ಮೇಲಿಟ್ಟು, ರೇಡಿಯೋಗಳನ್ನು ಹಲಗೆಗೆ ಮರಳಿಸತೊಡಗಿದಳು.

"ಅದು ಅಲ್ಲಲ್ಲ. ಮೇಲಿನ ಸಾಲು" ಅಂದ ಗಂಡ. ದನಿ ಇಳಿದಿತ್ತು.

"ನನಗೇನು ಗೊತ್ತು ನಿಮ್ಮ ಡಬ್ಬಗಳ ಸಾಲು!"

"ಡಬ್ಬ ಅನ್ಬೇಡ."

"ನೀವೂ ಗೊಂಬೆ ಅನ್ಬೇಡಿ."

ಅವನು ಸೀಳು ಬಿಟ್ಟ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. "ಕಿಟಕಿ ಪಕ್ಕ ಬಟ್ಟೆ ಒಣಗಿಸೋ ಹಗ್ಗ ಇದೆಯಲ್ಲ, ಅದನ್ನ ತೆಗೆದ್ರೆ ಅಲ್ಲೊಂದು ಹಲಗೆ ಹೊಡೀಬಹುದು. ಬೆಳಕೂ ಬರುತ್ತೆ" ಅಂದ. ಹಗ್ಗ ಅವಳದು. ದಿನವಿಡೀ ಊರವರ ಬಟ್ಟೆ ಒಗೆದು ಬಂದು ತಮ್ಮಿಬ್ಬರ ಬಟ್ಟೆ ಹರವುವ ಹಗ್ಗ. ಅವಳು ಯೋಚಿಸಿ ತಲೆಯಾಡಿಸಿದಳು. ಅವನೇ ಗೋಡೆ ಕೊರೆದು, ಮಟ್ಟ ನೋಡಿ, ಹಲಗೆ ಕೂರಿಸಿಕೊಟ್ಟ. ಬಟ್ಟೆ ಅಂದಿನಿಂದ ತಾರಸಿಗೆ ಹೋಯಿತು.

ಮೊದಲ ಬೆಳಿಗ್ಗೆ ಕೂತಾಗ ಶಾಂತಿ ಗೀಂತಿ ಏನೂ ಬರಲಿಲ್ಲ. ಕಾಲು ಜೋಮು ಹಿಡಿಯಿತು. ಸೋಪಿನ ಕಲೆ ಕಣ್ಣಿಗೆ ಹೊಡೆಯಿತು. ಅದನ್ನು ನೋಡುತ್ತಾ ನೋಡುತ್ತಾ ಅವಳ ಬಾಯಿ ತಾನಾಗಿ ಬಿಚ್ಚಿಕೊಂಡಿತು. "ಯಾಕೆ ಹೇಳಲಿಲ್ಲ ನೀನು? ನಾನೇನು ಸತ್ತುಹೋಗ್ತಿದ್ನಾ? ಎಲ್ಲಾ ನುಂಗಿ ನುಂಗಿ ಮಿಷನ್ ಮೇಲೇ ತಲೆ ಇಟ್ಟು ಹೋದೆಯಲ್ಲ, ಯಾರಿಗೆ ಏನು ಸಿಕ್ತು ಅದರಿಂದ?" ಪಕ್ಕದ ಮನೆಯವಳು ಗಂಡನಿಗೇ ಬೈಗುಳ ಬೀಳುತ್ತಿದೆ ಎಂದುಕೊಂಡಳು. ಗಂಡ ಒಳಗೆ ಗಡ್ಡ ಹೆರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಬೈದು ಬೈದು ಸುಸ್ತಾಗಿ, ಕೊನೆಗೆ ಅವಳಿಗೆ ಅಳು ಬಂತು. ಅಕ್ಕ ಸತ್ತ ಮೇಲೆ ಅದೇ ಮೊದಲು. ಅಳುವಾಗಲೂ ಸಿಟ್ಟು ಹೋಗಿರಲಿಲ್ಲ.

ಹಾಗೇ ದಿನಾ ಕೂತಳು. ಕೂತರೆ ಸಿಟ್ಟು ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದರ ಮುಖ ಮೂತಿ ಮಾತ್ರ ಅವಳಿಗೆ ಕಾಣತೊಡಗಿತು. ಇದು ಅಕ್ಕನ ಮಗನ ಮೇಲಿನದ್ದು. ಇದು ಅಕ್ಕನ ಮೇಲಿನದ್ದು. ಇದು ಕಾಲುನೋವಿನದ್ದು. ಇದು ಸೂಜಿಯದ್ದು.

ಸೂಜಿ ಮತ್ತೆ ಸಿಕ್ಕಿತು. ಅವಳು ಬಟ್ಟಲು ಹಿಡಿದು ಎಂದಿನಂತೆ ಮೆಟ್ಟಿಲು ಹತ್ತಿದಳು. ವಾರ್ಡಿನ ಬಾಗಿಲಲ್ಲಿ ಒಬ್ಬಳೇ ಹುಡುಗಿ, ಹೊಸ ನರ್ಸು, ಎರಡು ಪಾಳಿ ಒಟ್ಟಿಗೆ ಮಾಡಿ ಕಣ್ಣು ಕೆಂಪಾಗಿದ್ದವಳು, ಗೋಡೆಗೆ ಅಂಟಿ ನಿಂತಳು. "ಸೂಜಿ ಹಾಕೋ ಡಬ್ಬಿ ಇರೋದು ಆ ತುದೀಲಿ ಒಂದೇ, ಅಮ್ಮ. ಅಲ್ಲೀತನಕ ಹೋಗೋದ್ರೊಳಗೆ ಇನ್ನೊಬ್ಬರು ಕರೀತಾರೆ" ಎಂದು ತೊದಲಿದಳು. ಬಾಯ್ಲರಮ್ಮನ ಗಂಟಲಿನ ತುದಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಇಷ್ಟು ದಿನ ತಪ್ಪು ಬಾಗಿಲು ಬಡಿಯುತ್ತಿದ್ದೆ ಅನ್ನಿಸಿತು. ತಿರುಗಿ ಆಸ್ಪತ್ರೆಯ ಅಧೀಕ್ಷಕರ ಕೋಣೆಗೆ ಹೋದಳು.

"ಪ್ರತಿ ಬಟ್ಟೆ ಗಾಡಿಗೂ ಒಂದು ಸೂಜಿ ಡಬ್ಬಿ ಹಾಕಿಸಿ ಸಾರ್."

"ನೋಡೋಣ" ಅಂದರು ಅವರು.

"ನೋಡೋಣ ಅಂದ್ರೆ ಯಾವಾಗ?"

"ನೋಡೋಣಮ್ಮ."

ಅವಳು ಕೂಗಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ, ಆ ಬಟ್ಟಲನ್ನು ಎದುರಿಗಿಟ್ಟುಕೊಂಡು, ಅವರ ಬಾಗಿಲ ಮುಂದಿನ ನೆಲದ ಮೇಲೆ ಕಾಲು ಮಡಿಚಿ ಕೂತಳು. ಅದರ ಮರುದಿನವೂ ಕೂತಳು. ಕೂರುವುದು ಅಭ್ಯಾಸವಾಗಿತ್ತಲ್ಲ! ಹೋಗಿ ಬರುವ ಡಾಕ್ಟರುಗಳು ಅವಳನ್ನು ದಾಟಿಕೊಂಡೇ ಹೋಗಬೇಕಾಗಿತ್ತು. "ಏನಮ್ಮ ಇದು?" ಎಂದು ಕೇಳಿದವರಿಗೆಲ್ಲ ಬಟ್ಟಲು ತೋರಿಸುತ್ತಿದ್ದಳು. ಒಳಗೆ ಸಿಟ್ಟು ಕುದಿಯುತ್ತಲೇ ಇತ್ತು, ಆದರೆ ಮುಚ್ಚಳ ಹಾರಲಿಲ್ಲ. ಮೂರನೆಯ ವಾರದೊಳಗೆ ನೆಲಮಾಳಿಗೆಯ ತೊಳೆಯುವವರೂ ಇಸ್ತ್ರಿಯವರೂ ಬಂದು ಪಕ್ಕದಲ್ಲಿ ಕೂತರು. ಆ ತಿಂಗಳು ಮುಗಿಯುವ ಮೊದಲೇ ಗಾಡಿಗಳಿಗೆಲ್ಲ ಹಳದಿ ಡಬ್ಬಿ ಬಂದವು. ಅಧೀಕ್ಷಕರು ಅದು ತಮ್ಮದೇ ಯೋಜನೆ ಅಂತ ಸಭೆಯಲ್ಲಿ ಹೇಳಿಕೊಂಡರಂತೆ. ಬಾಯ್ಲರಮ್ಮ ಅದಕ್ಕೂ ಒಂದು ದಿನ ಪೂರ್ತಿ ಉರಿದುಕೊಂಡಳು.

ಅಕ್ಕನ ಮಗ ಬಂದದ್ದು ಆಮೇಲೆ, ಒಂದು ಬೆಳಿಗ್ಗೆ. ಅವಳು ಬಾಗಿಲು ಅರ್ಧ ತೆರೆದು ಅಡ್ಡ ನಿಂತಳು.

"ಏನು? ವಾಪಸ್ ತಗೊಂಡು ಹೋಗೋಕೆ ಬಂದ್ಯಾ?"

"ಇಲ್ಲ ಚಿಕ್ಕಮ್ಮ." ಅವನು ಸೊರಗಿದ್ದ. "ಅಮ್ಮನ ಮನೆ ಖಾಲಿ ಮಾಡುವಾಗ ಎಲ್ಲಾ ಕೊಟ್ಟುಬಿಟ್ಟೆ. ಮಿಷನ್ನೂ ಕೊಟ್ಟೆ. ಈಗ ಅವಳದು ಅಂತ ನನ್ನ ಹತ್ರ ಏನೂ ಇಲ್ಲ. ಅದೊಂದನ್ನ ಬಿಸಾಕೋಕೆ ಮನಸ್ಸು ಬರಲಿಲ್ಲ. ಮನೇಲಿಟ್ರೆ ದಿನಾ ಕಣ್ಣಿಗೆ ಬೀಳುತ್ತೆ, ಅದಕ್ಕೆ ಅಂಗಡಿಗೆ ತಗೊಂಡು ಹೋದೆ. ಸೋಪು ನಾನಿಟ್ಟಿದ್ದಲ್ಲ, ಆಣೆಗೂ."

"ತೆಗೀಲೂ ಇಲ್ಲ."

"ತೆಗೀಲಿಲ್ಲ" ಎಂದು ಒಪ್ಪಿಕೊಂಡ.

ಅವಳು ಬಾಗಿಲು ಬಿಟ್ಟಳು, ಒಳಗೆ ಬಾ ಅನ್ನಲಿಲ್ಲ. ಅವನೇ ಬಂದು ಹಲಗೆಯ ಮುಂದೆ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ಮತ್ತೆ ತೆಗೆದ.

"ನಿಮ್ಮಮ್ಮ ಬಲು ಸಿಟ್ಟಿನ ಹೆಂಗಸು, ಗೊತ್ತಾ ನಿನಗೆ?" ಅಂದಳು ಬಾಯ್ಲರಮ್ಮ, ಅವನಿಗೆ ನೋವಾಗಲಿ ಎಂದೇ.

"ಗೊತ್ತು."

"ಗೊತ್ತಾ? ಹೇಗೆ?"

"ಮಿಷನ್ ತುಳಿಯೋ ಸದ್ದಿನಲ್ಲೇ ಗೊತ್ತಾಗ್ತಿತ್ತು. ಸಿಟ್ಟು ಬಂದ್ರೆ ಚಕ್ರ ಕಿತ್ತುಹೋಗೋ ಹಾಗೆ ತುಳೀತಿದ್ಳು. ಬಟ್ಟೆ ಇಲ್ಲದಿದ್ರೂ ತುಳೀತಿದ್ಳು. ನಾನು ಮಂಚದ ಮೇಲೆ ಹೊದ್ದು ಮಲಗಿ ಕೇಳ್ತಿದ್ದೆ." ಅವನು ಹಲಗೆಯ ಅಂಚನ್ನು ಬೆರಳಿನಿಂದ ಒರೆಸಿದ. "ನನ್ನ ಮೇಲೆ ಅಂದ್ಕೊಂಡಿದ್ದೆ."

ಬಾಯ್ಲರಮ್ಮ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು. "ನಾನು ನನ್ನ ಮೇಲೆ ಅಂದ್ಕೊಂಡಿದೀನಿ" ಅಂದಳು. ಅವಳ ಬಾಯಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಅವನು ಎಂದೂ ಕೇಳಿರಲಿಲ್ಲ.

ಯಾರ ಮೇಲೆ ಎಂದು ಹೇಳಬಲ್ಲವಳು ಇರಲಿಲ್ಲ, ಇನ್ನು ಯಾರೂ ಹೇಳುವಂತೆಯೂ ಇರಲಿಲ್ಲ. ಆಮೇಲೆ ಅವಳು ನಿನ್ನೆಯ ನೀರಿನ ಬಟ್ಟಲನ್ನು ಅವನ ಕೈಗೆ ಕೊಟ್ಟು, "ಗಿಡಕ್ಕೆ ಹಾಕ್ಬಾ" ಅಂದಳು. ಅವನು ಅರ್ಧ ನೆಲಕ್ಕೆ ಚೆಲ್ಲಿದ. "ಬಚ್ಚಲು ಮಾರೋನೇ, ಒಂದು ಬಟ್ಟಲು ನೀರು ನೆಟ್ಟಗೆ ಹಿಡಿಯೋಕೆ ಬರಲ್ವೇನೋ!" ಎಂದು ಅವಳು ರೇಗಿದಳು. ಅವನು ಬಗ್ಗಿ ಒರೆಸಿದ.

ಈಗ ಅವನು ರಜೆಯ ದಿನಗಳಲ್ಲಿ ಹೂ ತರುತ್ತಾನೆ. ಕೆಂಪು ಹೂವನ್ನೇ ತರುತ್ತಾನೆ. ಅಕ್ಕ ಬಿಳಿಯದನ್ನೇ ಇಡುತ್ತಿದ್ದಳು ಎಂದು ಬಾಯ್ಲರಮ್ಮ, ಇಲ್ಲ ಅವಳಿಗೆ ಕೆಂಪು ಇಷ್ಟ ಎಂದು ಅವನು. ಬಚ್ಚಲಿನ ವಿಷಯವನ್ನು ಅವಳು ಇನ್ನೂ ಕ್ಷಮಿಸಿಲ್ಲ, ಅದನ್ನು ಅವನ ಮುಖಕ್ಕೇ ಹೇಳುತ್ತಾಳೆ. ಅವನು ಮುಖ ಊದಿಸಿಕೊಂಡು ಹೋಗುತ್ತಾನೆ, ಮುಂದಿನ ವಾರ ಮತ್ತೆ ಕೆಂಪು ಹೂವೇ ಹಿಡಿದು ಬರುತ್ತಾನೆ.